ಬೆಳ್ಳಿ ಭರಣಿಯ ಕಾಡಿಗೆ

ನನಗೆ ಮೊಮ್ಮಗಳು ಹುಟ್ಟಿದ್ದಾಳೆ! ಎರಡೂ ಕಣ್ಣು ನಿಚ್ಚಳ, ಕರಿ ದ್ರಾಕ್ಷಿಯ ಹಾಗೆ. ಇವತ್ತು ತೊಟ್ಟಿಲಿಗೆ ಹಾಕಿದೆವು. ಬಾಗಿಲು ತೆಗೆದರೆ ಬೆಳಕಿನ ಕಡೆ ಮುಖ ತಿರುಗಿಸುತ್ತಾಳೆ. ಅದನ್ನು ನೋಡಲಿಕ್ಕೆಂದೇ ಬೆಳಗಿನಿಂದ ಬಾಗಿಲು ತೆಗೆಯುತ್ತ, ಹಾಕುತ್ತ ಇದ್ದೇನೆ. "ಅವ್ವಾ, ಕೀಲು ಸವದು ಹೋಗ್ತಾವ," ಎಂದು ಮಗಳು ನಗುತ್ತಾಳೆ. ಎರಡನೇ ಇಯತ್ತೆಗೇ ಸಾಲಿ ಬಿಟ್ಟವಳು ನಾನು. ಆದರೂ ಇದನ್ನು ಬರೆಯದಿದ್ದರೆ ಎದೆ ಒಡೆದೀತು.

ಕಣ್ಣಿನ ಮಾತು ಮೊದಲು ಯಾಕೆ ಬಂತು ಅಂದರೆ, ನನ್ನ ಮಗಳಿಗೆ ಎಡಗಣ್ಣು ಕಾಣುವುದಿಲ್ಲ.

ಎಪ್ಪತ್ತರ ಆಸುಪಾಸಿನಲ್ಲಿ ಅವಳು ಇದೇ ಅಕ್ಕಿಆಲೂರಿನ ಮನೆಯಲ್ಲಿ ಹುಟ್ಟಿದಾಗ ನಮ್ಮತ್ತೆ ಅವಳಿಗೆ ಕಾಡಿಗೆ ಹಚ್ಚುತ್ತಿದ್ದರು. ಔಡಲೆಣ್ಣೆ ದೀಪದ ಮಸಿಯನ್ನು ಬೆಣ್ಣೆಯಲ್ಲಿ ಕಲಸಿ ಬೆಳ್ಳಿ ಭರಣಿಗೆ ತುಂಬುವುದು. ಒಳಗೆ ಪತ್ತಾರ ಮಾಡಿಕೊಟ್ಟ ಸಣ್ಣದೊಂದು ಬೆಳ್ಳಿ ಗುಂಡು. ಬೆಳ್ಳಿ ಇದ್ದಲ್ಲಿ ಕಾಡಿಗೆ ಕೆಡುವುದಿಲ್ಲ ಎಂದು ಎಲ್ಲರೂ ನಂಬಿದ್ದರು. ಎಷ್ಟೆಂದರೆ, ಆ ಭರಣಿಯನ್ನು ನಮ್ಮ ಮನೆತನದಲ್ಲಿ ಯಾರೂ ಪೂರ್ತಿ ಬರಿದು ಮಾಡಿದವರಲ್ಲ. ಮೊಸರಿಗೆ ಹೆಪ್ಪು ಉಳಿಸಿದಂತೆ ಹಳೆಯದನ್ನು ತಳದಲ್ಲಿ ಉಳಿಸಿ, ಮೇಲೆ ಹೊಸದನ್ನು ಹಾಕುವುದು. ಮುತ್ತಜ್ಜಿಯ ಬೆರಳು ಮುಟ್ಟಿದ ಕಾಡಿಗೆಯೇ ಕೂಸಿನ ಕಣ್ಣಿಗೆ ಸೇರಬೇಕು.

ಆ ಮಳೆಗಾಲ ಕೂಸಿನ ಕಣ್ಣಿಗೆ ಕೀವು ತುಂಬಿತು. ಬಸ್ಸು ಹಿಡಿದು ಹಾನಗಲ್ಲಿಗೆ ಒಯ್ದೆವು. ಡಾಕ್ಟರು ಭರಣಿ ಮೂಸಿ ನೋಡಿ, "ಬೆಳ್ಳಿಗೆ ಶಕ್ತಿ ಐತ್ರಿ, ಇಲ್ಲ ಅನ್ನಂಗಿಲ್ಲ. ಆದ್ರ ಇಷ್ಟು ಮಂದಿ ಬೆರಳು ಅದ್ದಿದ ಬೆಣ್ಣಿ ಕೂಡ ಅದರ ಎಷ್ಟಂತ ಹೊಡದಾಡಬೇಕು?" ಎಂದರು. ಬಲಗಣ್ಣು ಉಳಿಯಿತು. ಎಡಗಣ್ಣಿನಲ್ಲಿ ಬಿಳಿ ಹೂ ಬಿತ್ತು.

ಅತ್ತೆ ಅತ್ತದ್ದನ್ನು ನಾನು ನೋಡಲಿಲ್ಲ. ಆದರೆ ಸಾಯುವವರೆಗೂ ಆ ಹುಡುಗಿಯನ್ನು ಹತ್ತಿರ ಕರೆದು ಸೆರಗಿನ ತುದಿಯಿಂದ ಕಣ್ಣು ಒರೆಸುತ್ತಿದ್ದರು, ಒರೆಸಿದರೆ ಹೋದೀತು ಎಂಬಂತೆ. ಅವರು ಹೋದ ಮೇಲೂ ಅದು ನಿಲ್ಲಲಿಲ್ಲ. ಮಗಳ ತಲೆ ಬಾಚುವಾಗ ನನ್ನ ಹೆಗಲ ಹಿಂದೆ ಯಾರೋ ನಿಂತಂತೆ. ಔಡಲೆಣ್ಣೆ ಮಸಿಯ ಕಮಟು ವಾಸನೆ. ಈ ಕೂಸು ಬಂದ ಮೇಲೆ ಹೆಚ್ಚಾಗಿದೆ. ಮಧ್ಯಾಹ್ನ ಬಾಣಂತಿ ಕೋಣೆಯಲ್ಲಿ ತುಸು ಕಣ್ಣು ಹತ್ತಿದರೆ ಸಾಕು, ಕೂಸಿನ ಮುಖದ ಕಡೆ ತುದಿ ಕಪ್ಪಾದ ಬೆರಳೊಂದು ಬರುತ್ತದೆ. ಪ್ರೀತಿಯ ಬೆರಳೇ. ಅದಕ್ಕೇ ಹೆದರಿಕೆ.

ಇವತ್ತು ಹಿರೇಕೆರೂರಿನಿಂದ ಬಂದ ನನ್ನ ನಾದಿನಿ ಚೀಲದಿಂದ ಅದೇ ಭರಣಿ ತೆಗೆದಳು. ತಾಯಿಯ ನೆನಪಿಗೆಂದು ಇಟ್ಟುಕೊಂಡಿದ್ದಳಂತೆ. ಕಣ್ಣು ಕೆಟ್ಟದ್ದು ಕಾಡಿಗೆಯಿಂದ ಅಂದರೆ ಅವಳು ಎಂದೂ ನಂಬಿದವಳಲ್ಲ.

"ವೈನಿ, ಕೂಸಿನ ಕಣ್ಣು ಬೋಳ ಕಾಣಾಕತ್ತಾವ. ನೀವ ಹಚ್ರಿ. ಅವ್ವ ಮಾಡಿದ್ದು ತಳದಾಗ ಇನ್ನೂ ಐತಿ. ಬೆಳ್ಳ್ಯಾಗಿಂದು, ಕೆಡಂಗಿಲ್ಲ."

ಬೇಡ ಎನ್ನಬೇಕು. ಸತ್ತವರ ಪ್ರೀತಿಗೆ ಬೇಡ ಅನ್ನುವುದು ಹೇಗೆ? ನನ್ನ ಬೆರಳು ಭರಣಿಯೊಳಗೆ ಇಳಿಯಿತು, ಯಾರೋ ಹಿಡಿದು ಅದ್ದಿದಂತೆ. ಮಗಳು ಎದ್ದು ಬಂದು ನನ್ನ ಮಣಿಕಟ್ಟು ಹಿಡಿದಳು.

"ಕೆಡಂಗಿಲ್ಲಂದ್ರ ಇದೇನ್ರಿ, ಅತ್ತಿ?" ಎಂದು ತನ್ನ ಎಡಗಣ್ಣನ್ನು ನಾದಿನಿಯ ಮುಖದ ಹತ್ತಿರ ತಂದಳು.

ನಾದಿನಿ ಆ ಕಣ್ಣನ್ನೇ ನೋಡುತ್ತ ನಿಂತಳು. ಆಮೇಲೆ ನನ್ನ ಕೈಯಿಂದ ಭರಣಿ ತೆಗೆದುಕೊಂಡು, ಹರಕು ಬಟ್ಟೆಯಿಂದ ತಳದವರೆಗೂ ಬಳಿದು, ಬಟ್ಟೆಯನ್ನು ಒಲೆಗೆ ಹಾಕಿದಳು. ಆ ವಾಸನೆ ಮನೆ ತುಂಬಿತು. ನನ್ನ ಹೆಗಲ ಹಿಂದೆ ಮತ್ತೆ ಯಾರೋ ನಿಂತಂತೆ. ನಿಧಾನಕ್ಕೆ ಹೊಗೆ ಬೆಳಕಿಂಡಿಯಿಂದ ಹೊರಗೆ ಹೋಯಿತು.

"ಅಂಗಾಲಿಗೆ ದೃಷ್ಟಿ ಬೊಟ್ಟರ ಇಡ್ಲ್ಯಾ, ಹೊಸಾ ಮಸೀಲೆ? ಅದಕ್ಕೂ ಬ್ಯಾಡ ಅಂತೀಯೇನು?" ಎಂದಳು, ಮೂಗು ಒರೆಸಿಕೊಳ್ಳುತ್ತ.

"ಅಂಗಾಲಿಗೆ ಬೇಕಾದಷ್ಟು ಹಚ್ರಿ, ಅತ್ತಿ."

ಸಂಜೆ ಎಲ್ಲರೂ ಒಂದೇ ಸಾಲಿಗೆ ಉಣ್ಣಲು ಕೂತೆವು, ದುಂಡಸಿಯಿಂದ ಬಂದ ಅಳಿಯ, ಬೀಗರೂ ಸೇರಿ. ತೊಟ್ಟಿಲಲ್ಲಿ ಕೂಸು ಜೋರಾಗಿ ಅತ್ತಿತು. ಗೋಧಿ ಹುಗ್ಗಿ ಬಡಿಸುತ್ತ ಬಂದ ನಾದಿನಿಗೆ ನಮ್ಮ ಯಜಮಾನರು, "ಕೂಸಿನ ಗಂಟಲು ಕೇಳೀಯೇನ? ನಿಂದ ಬಂದೈತಿ," ಎಂದರು.

"ಸುಮ್ಮ ಉಣ್ಣೋ ಅಣ್ಣಾ," ಎಂದು ಅವಳು ಅವರ ತಾಟಿಗೆ ಇನ್ನೊಂದು ಸೌಟು ಹುಗ್ಗಿ ಸುರಿದಳು.