ಬಾಗಿಲಿನವನ ಧಾರಾವಾಹಿ

ಶಿಡ್ಲಘಟ್ಟದ ಅಮೀರ್ ಜಾನ್ ಸಾಹೇಬರ ರೇಷ್ಮೆ ಘಟಕದಲ್ಲಿ ನಾನೂ ಕರೀಮುನ್ನೀಸಾಳೂ ಅಕ್ಕಪಕ್ಕದ ಬಿಸಿನೀರಿನ ತೊಟ್ಟಿಗಳ ಮುಂದೆ ಕೂತು ವರ್ಷಗಟ್ಟಲೆ ಗೂಡಿನಿಂದ ನೂಲು ಬಿಚ್ಚಿದೆವು. ಆ ಕೆಲಸದಲ್ಲಿ ಕೈಬೆರಳು ಬೆಂದು ಬೆಳ್ಳಗಾಗುತ್ತವೆ, ಬಾಯಿಗೆ ಮಾತ್ರ ಕೆಲಸವಿಲ್ಲ. ಅವಳ ಬಾಯಿಗೆ ಕೆಲಸ ಕೊಟ್ಟದ್ದು ಟೀವಿ.

ಭಾನುವಾರ ಬೆಳಿಗ್ಗೆ ಸಾಹೇಬರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ನಮಗೂ ಟೀವಿ ನೋಡಲು ಬಿಡುತ್ತಿದ್ದರು. ಎಂಬತ್ತೇಳನೆಯ ಇಸವಿಯಲ್ಲಿ ಶುರುವಾದ ಒಂದು ಹಿಂದಿ ಧಾರಾವಾಹಿ, ನಕ್ಷತ್ರಗಳ ನಡುವೆ ಅಲೆಯುವ ಹಡಗಿನದು, ಮುಗಿಯುವ ಹೆಸರೇ ಎತ್ತಲಿಲ್ಲ. ನಮಗೆಲ್ಲ ಅದರ ಕ್ಯಾಪ್ಟನ್ ಇಷ್ಟ. ಕರೀಮುನ್ನೀಸಾಳಿಗೆ ಇಷ್ಟವಾದವನು ಹಡಗಿನ ಬಾಗಿಲು ತೆಗೆಯುವ ಆಳು. ಒಂದು ವಾರ ಅವನು ಯಾವುದೋ ಗ್ರಹಕ್ಕೆ ಇಳಿದ, ಕಬ್ಬಿಣದ ಬಾಗಿಲೊಂದರ ಹಿಂದೆ ಸಿಕ್ಕಿಕೊಂಡ, ಹಡಗು ಹೊರಟುಹೋಯಿತು. ಮುಂದಿನ ವಾರ ಅವನ ಜಾಗದಲ್ಲಿ ಬೇರೆ ಯಾರೋ ನಿಂತಿದ್ದ.

“ಅವನೆಲ್ಲಿ ಅಂತ ಒಬ್ರಾದ್ರೂ ಕೇಳಿದ್ರೇನೇ ಅಶ್ವತ್ಥಮ್ಮ?” ಎಂದಳು.

“ಸಂಬಳ ಸಾಲ್ದೆ ಕೆಲ್ಸ ಬಿಟ್ಟಿರ್ತಾನೆ ಬಿಡಕ್ಕ,” ಎಂದೆ.

ಅವಳು ನಗಲಿಲ್ಲ. ಆಗ ನನಗೆ ಅವಳ ತಮ್ಮ ಕಲಂದರ್ ನೆನಪಾದ. ಎರಡು ವರ್ಷದ ಹಿಂದೆ ತೊಂಡೇಬಾವಿ ಸ್ಟೇಷನ್ನಿನಲ್ಲಿ ನೀರು ಕುಡಿಯಲು ಇಳಿದವನು ಮತ್ತೆ ರೈಲು ಹತ್ತಿದ್ದನ್ನು ಯಾರೂ ನೋಡಿರಲಿಲ್ಲ. ನನ್ನ ನಾಲಿಗೆಗೆ ಬೆಂಕಿ ಹಾಕಬೇಕು ಅನ್ನಿಸಿತು.

ಮಾರನೆಯ ದಿನದಿಂದ ಅವಳು ಬಾಗಿಲಿನವನದೇ ಬೇರೆ ಧಾರಾವಾಹಿ ಶುರುಮಾಡಿದಳು. ಅದರಿಂದ ಇನ್ನಷ್ಟು ಹುಟ್ಟಿದವು: ಹಡಗಿನ ಅಡಿಗೆಯವನದು, ಕ್ಯಾಪ್ಟನ್ ಬಿಟ್ಟುಬಂದ ಹೆಂಡತಿಯದು, ಯಾರೂ ಇಲ್ಲದ ಆ ಗ್ರಹದ್ದೇ ಒಂದು. “ಇವತ್ತು ಅಡಿಗೆಯವನದ್ದು ಹಾಕಕ್ಕ,” ಎಂದು ನಾವು ಕೇಳುತ್ತಿದ್ದೆವು. ಯಾವುದನ್ನೇ ಹೇಳಲಿ, ಕೊನೆಗೆ ಬಾಗಿಲಿನವನ ಹತ್ತಿರ ಬರುತ್ತಿದ್ದಳು.

ಗೂಡನ್ನು ಕಿವಿಯ ಹತ್ತಿರ ಅಲ್ಲಾಡಿಸಿ ನೋಡುವುದು ನಮ್ಮ ಕಡೆ ರೂಢಿ. ಒಳಗೆ ಟಕ್ಕೆಂದರೆ ಹುಳ ಗಟ್ಟಿಯಾಗಿದೆ. ಸದ್ದಿಲ್ಲದಿದ್ದರೆ ಒಳಗೇ ಕರಗಿಹೋಗಿದೆ. ಕತೆ ನಿಲ್ಲಿಸುವ ಮುಂಚೆ ಅವಳು ಒಂದು ಗೂಡು ತೆಗೆದು ನಮ್ಮ ಕಿವಿಯ ಹತ್ತಿರ ಅಲ್ಲಾಡಿಸುತ್ತಿದ್ದಳು. “ಇನ್ನೂ ತಟ್ತಾನೇ ಅವ್ನೆ, ಕೇಳ್ರೇ.” ಮನೆಗೆ ಹೋದ ಮೇಲೆ ನನಗೆ ಚಿಲಕ ಹಾಕಲೂ ಭಯ, ಬಿಡಲೂ ಭಯ.

ಅವಳ ತಾಯಿ ಮೆಹಬೂಬ್ ಬೀಗೆ ಈ ಕತೆಗಳೆಂದರೆ ಆಗದು. ತಾನು ಕಣ್ಣು ಮುಚ್ಚುವ ಮುಂಚೆ ಸತ್ತವರಿಗೆ ಓದಿಸುವ ಫಾತಿಹಾವನ್ನು ಮಗನ ಹೆಸರಲ್ಲಿ ಓದಿಸಬೇಕೆಂದು ಹಟ ಹಿಡಿದಿದ್ದರು. “ಬದುಕಿರೋನಿಗೆ ಓದಿಸ್ತಾರಾ?” ಎಂದು ಮಗಳು ಜಗಳವಾಡುತ್ತಿದ್ದಳು. ಆದರೆ ತೊಂಬತ್ತೆರಡರ ಹೊತ್ತಿಗೆ ಅವಳೂ ಸೋತಳು. ಗುರುವಾರ ಓದಿಸುವುದೆಂದಾಯಿತು. ಅದಕ್ಕೆ ಮುಂಚಿನ ಶನಿವಾರ ಗೂಡು ಅಲ್ಲಾಡಿಸಿ, “ಸದ್ದಿಲ್ಲ. ನಿಲ್ಲಿಸ್ಬಿಟ್ಟ,” ಎಂದಳು. ಸಾಲಿನ ಹೆಂಗಸರೆಲ್ಲ ಅತ್ತೆವು. ಟೀವಿಯವನಿಗಾಗಿ ಅತ್ತೆನಲ್ಲಾ ಎಂದು ನನಗೆ ಸಿಟ್ಟೂ ಬಂತು.

ಮಾರನೆಯ ದಿನ ಅವಳ ಮುಖ ಹಗುರವಾಗಿತ್ತು. ಎಷ್ಟೋ ವರ್ಷದ ಮೇಲೆ ನಿದ್ದೆ ಬಂತು ಎಂದಳು. ತಾಯಿಯನ್ನೂ ಕರೆತಂದಿದ್ದಳು, ಮುದುಕಿ ಹಿಂದೆ ಗೋಡೆಗೊರಗಿ ತಸ್‌ಬೀ ಮಣಿ ಎಣಿಸುತ್ತಿದ್ದರು. ಟೀವಿಯಲ್ಲಿ ಹಡಗು ಅದೇ ಗ್ರಹಕ್ಕೆ ತಿರುಗಿ ಬಂದಿತ್ತು. ಕ್ಯಾಪ್ಟನ್ ಆ ಕಬ್ಬಿಣದ ಬಾಗಿಲಿಗೆ ಕಿವಿಯಿಟ್ಟ. ಕರೆಂಟು ಹೋಯಿತು.

ಫ್ಯಾನು ನಿಂತು ಕೋಣೆ ಗಪ್‌ಚಿಪ್ಪಾಯಿತು. ಆಗ ಸಾಹೇಬರ ಬೀದಿಬಾಗಿಲನ್ನು ಯಾರೋ ತಟ್ಟಿದರು. ಮೆಲ್ಲಗೆ, ಬಿಟ್ಟುಬಿಟ್ಟು. ಸಾಹೇಬರು ಎದ್ದು ಬಾಗಿಲು ತೆಗೆದರು. ಉರಿಬಿಸಿಲು, ಬೀದಿಯ ಕೊನೆಯಲ್ಲಿ ಒಂದು ಮೇಕೆ. ಇನ್ನು ಯಾರೂ ಇರಲಿಲ್ಲ.

ಮೆಹಬೂಬ್ ಬೀಯ ಕೈಯಲ್ಲಿ ತಸ್‌ಬೀ ನಿಂತಿತ್ತು. “ಗುರುವಾರ ಓದಿಸೋದು ಬೇಡ ಬೇಟಿ,” ಎಂದರು.

ಕರೆಂಟು ಬರುವಷ್ಟರಲ್ಲಿ ಆ ವಾರದ ಕಂತು ಮುಗಿದಿತ್ತು. ಮುಂದಿನ ವಾರ ಹಡಗು ಬೇರೆಲ್ಲೋ ಇತ್ತು.

ಅಂದಿನಿಂದ ಕತೆ ಕೇಳುವ ಹುಚ್ಚು ಮುದುಕಿಗೆ ಹತ್ತಿತು. ಮಗಳು ಕೆಲಸದಿಂದ ಬಂದು ಚಪ್ಪಲಿ ಬಿಡುವ ಮುಂಚೆಯೇ, “ಬಾಗಿಲಿನವನು ಏನು ಮಾಡ್ದ?” ಎಂದು ಕೇಳುತ್ತಿದ್ದರಂತೆ. ಮನಸ್ಸಿನಲ್ಲಿ ಮುಗಿಸಿಬಿಟ್ಟಿದ್ದ ಕತೆಯನ್ನು ಅವಳು ದಿನವೂ ಹೊಸದಾಗಿ ಕಟ್ಟಬೇಕಾಯಿತು. ಘಟಕದಲ್ಲಿ ಮಾತ್ರ ಬಾಯಿಯೇ ಬಿಡುತ್ತಿರಲಿಲ್ಲ. “ಕಲಂದರ್‌ನ ನಾನು ಮಣ್ಣು ಮಾಡಿ ಆಯ್ತು ಕಣೇ,” ಎಂದಳು ಒಮ್ಮೆ. “ಅಮ್ಮನಿಗೋಸ್ಕರ ದಿನಾ ಅಗೆದು ತೆಗೀತೀನಿ.”

ತೊಂಬತ್ತಾರರಲ್ಲಿ ಮುದುಕಿ ತೀರಿಕೊಂಡರು. ನಲವತ್ತನೆಯ ದಿನ ತಾಯಿ, ಮಗ ಇಬ್ಬರ ಹೆಸರಲ್ಲೂ ಒಟ್ಟಿಗೆ ಓದಿಸಿದರು. ಗಂಡಸರದು ಮುಗಿದ ಮೇಲೆ ನಾವು ಹೆಂಗಸರು ಹಿಂದಿನ ಕೋಣೆಯಲ್ಲಿ ಊಟಕ್ಕೆ ಕೂತೆವು. ಕರೀಮುನ್ನೀಸಾ ಹಿತ್ತಲ ಬಾಗಿಲಿಗೆ ಬೆನ್ನು ಮಾಡಿ ನಿಂತು ಬಡಿಸುತ್ತಿದ್ದಳು.

ಹಿತ್ತಲ ಬಾಗಿಲನ್ನು ಯಾರೋ ತಟ್ಟಿದರು. ಮೆಲ್ಲಗೆ, ಬಿಟ್ಟುಬಿಟ್ಟು.

ಎಲ್ಲರೂ ಅವಳ ಮುಖ ನೋಡಿದೆವು. ಸೌಟು ಒಂದು ಗಳಿಗೆ ಗಾಳಿಯಲ್ಲೇ ನಿಂತಿತು. ಆಮೇಲೆ ನನ್ನ ತಟ್ಟೆಗೆ ಅನ್ನ ಬಿತ್ತು.

“ತಿನ್ನೇ ಅಶ್ವತ್ಥಮ್ಮ, ಆರೋಗ್ತದೆ,” ಎಂದಳು.

ಮತ್ತೆ ತಟ್ಟಿದರು. ಅವಳು ಪಕ್ಕದ ತಟ್ಟೆಗೆ ಬಡಿಸಿದಳು.