ಹೆಸರು ಹೇಳಿದ್ದು ನಿಲೇಶನಲ್ಲ

ಶೈಲಾ, ನಿನ್ನ ಹೆಸರನ್ನು ಮ್ಯಾನೇಜರ್ ಕಿವಿಗೆ ಹಾಕಿದ್ದು ನಿಲೇಶನಲ್ಲ — ನಾನು. ಮುಚ್ಚಿದ ಕೋಣೆಯಲ್ಲಿ ನನ್ನನ್ನು ನಂಬಿ ನೀನು ಆಡಿದ ಮಾತನ್ನು ಹೊರಗೆ ಒಯ್ದು, ಒಂದು ವಾದ ಗೆಲ್ಲುವುದಕ್ಕೆ ಬಳಸಿಕೊಂಡವಳು ನಾನು. ಆಮೇಲೆ ನೀನು ನಿನ್ನ ತಂಡದ ಗೆಳೆಯ ನಿಲೇಶನ ಮೇಲೆ ಅನುಮಾನಪಟ್ಟಾಗ ಸುಮ್ಮನಿದ್ದವಳೂ ನಾನೇ. ಸುಮ್ಮನಿದ್ದೆ ಎಂದರೂ ಸುಳ್ಳಾಗುತ್ತದೆ — ಅದನ್ನು ಮುಂದೆ ಹೇಳುತ್ತೇನೆ. ನಿನ್ನ ಹಳೆಯ ನಂಬರು ಈಗ ಚಾಲ್ತಿಯಲ್ಲಿಲ್ಲ, ಕಳಿಸಿದ ಸಂದೇಶಗಳನ್ನು ನೀನು ತೆರೆದಿಲ್ಲ. ಕನ್ನಡದಲ್ಲಿ ಅಚ್ಚಾದದ್ದು ಏನು ಸಿಕ್ಕರೂ ಬಿಡದೆ ಓದುವವಳು ನೀನು; ಅದಕ್ಕೇ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನಿನಗೆ ಗೊತ್ತಿರುವುದನ್ನೇ ಉಳಿದವರಿಗಾಗಿ ಹೇಳಬೇಕು. ನಾನು ಅಜೈಲ್ ಕೋಚ್. ಸಾಫ್ಟ್‌ವೇರ್ ಮಾಡುವ ತಂಡಗಳಿಗೆ ಕೂಡಿ ಕೆಲಸ ಮಾಡುವುದನ್ನು ಕಲಿಸುವುದು ನನ್ನ ಹೊಟ್ಟೆಪಾಡು. ದೊಡ್ಡ ಕೆಲಸವನ್ನು ಎರಡೆರಡು ವಾರದ ತುಂಡು ಮಾಡಿಕೊಳ್ಳಿ, ದಿನಾ ಬೆಳಿಗ್ಗೆ ನಿಂತುಕೊಂಡೇ ನಾಲ್ಕು ಮಾತಾಡಿ, ಎರಡು ವಾರ ಮುಗಿದ ಮೇಲೆ ಒಂದೆಡೆ ಕೂತು ಎಲ್ಲಿ ಎಡವಿದೆವು ಎಂದು ಮುಚ್ಚುಮರೆಯಿಲ್ಲದೆ ಹೇಳಿಕೊಳ್ಳಿ — ಇಷ್ಟೇ. ತುಮಕೂರಿನಲ್ಲಿ ನಮ್ಮಮ್ಮನಿಗೆ ಇದನ್ನು ವಿವರಿಸಿದಾಗ, "ಅಷ್ಟು ಓದಿದೋರಿಗೆ ಒಟ್ಟಿಗೆ ಕೆಲಸ ಮಾಡೋದನ್ನ ಹೇಳಿಕೊಡ್ಬೇಕಾ? ಅದಕ್ಕೆ ಸಂಬಳ ಬೇರೆ!" ಎಂದಿದ್ದರು. ಆಗ ನಕ್ಕಿದ್ದೆ. ಮರಾಠಿ ಸೀಮೆಯಲ್ಲಿ, ಮಗರಪಟ್ಟಾದ ನಿಮ್ಮ ಆಫೀಸಿಗೆ ಬಂದ ಮೇಲೆ ನಗು ಬರಲಿಲ್ಲ.

ಅಬ್ಬಾ, ಆ ನಿಮ್ಮ ತಂಡ! ಬೆಳಗಿನ ಮಾತುಕತೆ ಎಂದರೆ ನೀವು ನೀವು ಮಾತಾಡಿಕೊಳ್ಳಬೇಕು ತಾನೇ? ಎಲ್ಲರೂ ಮ್ಯಾನೇಜರ್ ಜೋಶಿ ಸರ್ ಕಡೆ ಮುಖ ಮಾಡಿ, ಶಾಲೆಯಲ್ಲಿ ಹಾಜರಿ ಹೇಳಿದ ಹಾಗೆ ಒಪ್ಪಿಸಿ ಹೋಗುತ್ತಿದ್ದಿರಿ. ಅವರನ್ನು ಮೂಲೆಗೆ ನಿಲ್ಲಿಸಿದರೆ ನಿಮ್ಮ ಮುಖಗಳೂ ಮೂಲೆಗೆ ತಿರುಗುತ್ತಿದ್ದವು. ಲೋಣಾವಳಾಕ್ಕೆ ಕರೆದುಕೊಂಡು ಹೋಗಿ ದಿನವಿಡೀ ಆಟ ಆಡಿಸಿದೆ, ಕಣ್ಣಿಗೆ ಬಟ್ಟೆ ಕಟ್ಟಿ ಒಬ್ಬರನ್ನೊಬ್ಬರು ನಡೆಸಿಕೊಂಡು ಹೋಗಲು ಹೇಳಿದೆ. ಚಿಕ್ಕಿ ಕಟ್ಟಿಸಿಕೊಂಡು ಬಸ್ ಹತ್ತಿದಿರಿ, ಸೋಮವಾರ ಮತ್ತೆ ಅದೇ ರಾಗ. ಎಲ್ಲಿ ಎಡವಿದಿರಿ ಎಂದು ಕೇಳಿದರೆ "ಸಬ್ ಠೀಕ್ ಹೈ." ಗೋಣು ಹಾಕುವುದರಲ್ಲಿ ಮಾತ್ರ ಎಂಥ ಒಗ್ಗಟ್ಟು!

ಕಾರ್ಡಿನ ವಿಷಯದಲ್ಲೂ ಹಾಗೆಯೇ. ಒಂದು ಕೆಲಸ ಎಷ್ಟು ದೊಡ್ಡದು ಎಂದು ಅಂದಾಜು ಮಾಡುವಾಗ ಪ್ರತಿಯೊಬ್ಬರ ಕೈಯಲ್ಲೂ ಅಂಕಿ ಬರೆದ ಕಾರ್ಡುಗಳಿರುತ್ತವೆ. ಎಲ್ಲರೂ ಒಟ್ಟಿಗೆ ತೋರಿಸಬೇಕು — ಹಿರಿಯರ ಅಂಕಿ ನೋಡಿ ಕಿರಿಯರು ಬದಲಾಯಿಸಬಾರದು ಎಂದು ಈ ಪದ್ಧತಿ. ಅಂಕಿಗಳು ಬೇರೆ ಬೇರೆ ಬಂದರೆ ಯಾಕೆ ಎಂದು ಚರ್ಚೆ ಆಗುತ್ತದೆ, ಲಾಭ ಇರುವುದೇ ಅಲ್ಲಿ. ನಿಮ್ಮ ತಂಡದಲ್ಲಿ ಪ್ರತಿ ಸಲವೂ ಎಲ್ಲರದ್ದೂ ಒಂದೇ ಅಂಕಿ. ಮೊದಮೊದಲು ನಾನು ಖುಷಿಪಟ್ಟಿದ್ದೆ, ಎಂಥ ಹೊಂದಾಣಿಕೆ ಎಂದು. ಕೋಚ್ ಅಂತೆ ಕೋಚ್!

ಆ ದಿನ ಜೋಶಿಯವರನ್ನು ಹೊರಗಿಟ್ಟು ಬಾಗಿಲು ಹಾಕಿದೆ. ಈ ಕೋಣೆಯ ಮಾತು ಈ ಕೋಣೆಯಲ್ಲೇ ಉಳಿಯುತ್ತದೆ ಎಂದು ಎಂದಿನಂತೆ ಹೇಳಿದೆ. ನೀನು ಎದ್ದು ನಿಂತೆ. ಕಾರ್ಡು ತೋರಿಸುವುದೆಲ್ಲ ನಾಟಕ, ಹಿಂದಿನ ದಿನವೇ ಸರ್ ಒಬ್ಬೊಬ್ಬರಿಗೂ ಫೋನ್ ಮಾಡಿ ಎಷ್ಟು ಸಣ್ಣ ಅಂಕಿ ತೋರಿಸಬೇಕೆಂದು ಹೇಳಿರುತ್ತಾರೆ, ಅದಕ್ಕೇ ಯಾವ ಕೆಲಸವೂ ಹೊತ್ತಿಗೆ ಮುಗಿಯುವುದಿಲ್ಲ, ಶನಿವಾರ ಭಾನುವಾರ ಮನೆ ಬಿಟ್ಟು ಇಲ್ಲಿ ಕೂತಿರುತ್ತೇವೆ — ಅರ್ಧ ಹಿಂದಿ, ಅರ್ಧ ಇಂಗ್ಲಿಷಿನಲ್ಲಿ ಒಂದೇ ಉಸಿರಿಗೆ ಹೇಳಿ ಕೂತೆ. ಮೊದಲು ಬಾಯಿ ಬಿಟ್ಟವನು ನಿಲೇಶ. "ಬರೋಬರ್ ಆಹೆ" ಎಂದ, ನಿನ್ನ ಮಾತು ಸರಿ ಎಂದು.

ಹೊರಗೆ ಬಂದ ಮೇಲೆ ಕುಡಿಯುವ ನೀರಿನ ಯಂತ್ರದ ಹತ್ತಿರ ನೀನು ನನ್ನ ಕೈ ಹಿಡಿದೆ. ಅಲ್ಲಿಯ ತನಕ ಮೇಡಂ ಆಗಿದ್ದವಳು ನಾನು, ಅವತ್ತು ಅಕ್ಕ ಆದೆ.

"ಅಕ್ಕಾರ, ನಿಮ್ಮ ಮಾತಿನ ಮ್ಯಾಲೆ ಹೇಳೀನಿ ನೋಡ್ರಿ. ಹೊರಗ ಗೊತ್ತಾದ್ರ ನನ್ನ ಕಥಿ ಮುಗೀತು."

"ಹೋಗಲ್ಲ ಕಣೇ. ನಾನಿಲ್ವಾ?" ಎಂದೆ.

ನಾನಿದ್ದೆ! ವಾರ ಕಳೆಯುವ ಮೊದಲೇ, ಆಫೀಸಿನ ಎದುರಿನ ಉಡುಪಿ ಹೋಟೆಲಿನಲ್ಲಿ, ಜೋಶಿಯವರ ಎದುರು ಚಹಾ ಕುಡಿಯುತ್ತ — ಅವರು ಕೆಟ್ಟವರೆಂದು ಬರೆದು ಜಾರಿಕೊಳ್ಳುವುದಿಲ್ಲ. ಅವರು ನನ್ನನ್ನು ಸ್ವಲ್ಪ ಕೆಣಕಿದರು, ಅಷ್ಟೇ. "ಮೇಡಂ, ಆಟ ಚೆನ್ನಾಗಿ ಆಡಿಸುತ್ತೀರಿ. ಆದರೆ ನಿಜವಾದ ಮಾತನ್ನು ನಿಮಗೆ ಯಾರೂ ಹೇಳುವುದಿಲ್ಲ. ನನ್ನ ಜನ ನನಗೆ ಗೊತ್ತು" ಎಂದರು. ನನಗೆ ಮೈಯೆಲ್ಲ ಉರಿಯಿತು. ಅಷ್ಟು ತಿಂಗಳು ನಿಮ್ಮ ಗೋಣುಗಳನ್ನು ನೋಡಿ ನೋಡಿ ಬೇಸತ್ತಿದ್ದೆ. ಕೊನೆಗೊಮ್ಮೆ ಒಬ್ಬಳು ಬಾಯಿ ಬಿಟ್ಟಿದ್ದಳು, ಅದು ನನ್ನಿಂದಾಗಿ, ನಾನು ಕಟ್ಟಿದ ನಂಬಿಕೆಯಿಂದಾಗಿ... ಅದನ್ನು ಈ ಮನುಷ್ಯನಿಗೆ ತೋರಿಸಬೇಡವೇ? "ಎಲ್ಲ ಹೇಳುತ್ತಾರೆ. ಹಿಂದಿನ ದಿನ ನೀವು ಫೋನ್ ಮಾಡುವುದನ್ನೂ ಹೇಳಿದ್ದಾರೆ" ಎಂದೆ. ಅವರು ನಕ್ಕರು. ಸಾಧ್ಯವೇ ಇಲ್ಲ, ನನ್ನ ತಂಡದಲ್ಲಿ ಹಾಗೆ ಹೇಳುವವರು ಯಾರೂ ಇಲ್ಲ ಎಂದರು.

"ಶೈಲಜಾ" ಎಂದೆ.

ಜನ ನನ್ನನ್ನು ನಂಬುತ್ತಾರೆ ಎಂದು ಸಾಬೀತು ಮಾಡಲು, ನಂಬಿದವಳ ಹೆಸರನ್ನೇ ಕೊಟ್ಟೆ. ಈ ತಪ್ಪನ್ನು ನನ್ನಂಥ ಕಸುಬಿನವರಲ್ಲದೆ ಬೇರೆ ಯಾರು ಮಾಡಿಯಾರು? ಜೋಶಿಯವರು ಸಿಟ್ಟಾಗಲಿಲ್ಲ. ಇನ್ನೊಂದು ಚಹಾ ಹೇಳಿದರು. ಆ ಚಹಾವನ್ನೂ ನಾನು ಕುಡಿದೆ. ಗೆದ್ದೆ ಎಂಬ ಸಂತೋಷದಲ್ಲಿ ಆಫೀಸಿಗೆ ವಾಪಸು ಬಂದೆ — ಹೇಳಲು ನಾಚಿಕೆಯಾಗುತ್ತದೆ, ಆದರೆ ಸಂತೋಷವೇ ಆಗಿತ್ತು.

ಸ್ವಲ್ಪ ದಿನದಲ್ಲೇ ನಿನ್ನನ್ನು ಊರಿನ ಇನ್ನೊಂದು ತುದಿಯ ಹಿಂಜವಡಿ ಆಫೀಸಿನ ಬೇರೆ ಕೆಲಸಕ್ಕೆ ಹಾಕಿದರು. ಇವಳಿಗೆ ತಂಡದ ಜೊತೆ ಹೊಂದಿಕೊಂಡು ಹೋಗಲು ಬರುವುದಿಲ್ಲ ಎಂಬ ಷರಾ ಬೇರೆ. ನೀನು ಅಳುತ್ತ ನನ್ನ ಹತ್ತಿರವೇ ಬಂದೆ, ಬೇರೆ ಯಾರ ಹತ್ತಿರ ಹೋಗುತ್ತೀಯ?

"ನಿಲೇಶನ ಹೇಳ್ಯಾನ್ರಿ ಅಕ್ಕಾರ. ಸರ್ ಅವನ ಊರಾವ್ರು, ದಿನಾ ಕೂಡೇ ಚಹಾಕ್ಕ ಹೋಗ್ತಾರ. ವರ್ಷಾ ವರ್ಷಾ ರಾಖಿ ಕಟ್ಟೀನ್ರಿ ಅವಗ! ಒಂದ ಡಬ್ಬ್ಯಾಗ ಉಂಡೀವಿ..."

ಆಗ ಒಂದು ಮಾತು ಸಾಕಿತ್ತು. ಬಾಯಿಗೆ ಬಂದಿತ್ತು ಕೂಡ — ಬಂದಿತ್ತು ಎಂದು ಈಗ ಅಂದುಕೊಳ್ಳುತ್ತಿದ್ದೇನೋ ಏನೋ. ನಾನು ಹೇಳಿದ್ದು ಇದು: "ಯಾರನ್ನೂ ಪೂರ್ತಿ ನಂಬಬಾರದು, ಶೈಲಾ." ನಿನ್ನ ಅನುಮಾನಕ್ಕೆ ನನ್ನ ಮೊಹರು ಬಿತ್ತು. ನೀನು ಕಣ್ಣೊರೆಸಿಕೊಂಡು ಹೋದೆ. ಅವತ್ತಿನಿಂದ ನೀನು ಅವನ ಫೋನ್ ತೆಗೆಯಲಿಲ್ಲ.

ಇನ್ನೂ ಇದೆ. ನಿಲೇಶ ನನ್ನ ಹತ್ತಿರ ಬಂದು ಕೇಳಿದ, ಶೈಲಾ ಯಾಕೆ ಮಾತು ಬಿಟ್ಟಳು, ನನ್ನಿಂದ ಏನಾದರೂ ತಪ್ಪಾಯಿತೇ ಎಂದು. ಸಹೋದ್ಯೋಗಿಗಳ ನಡುವೆ ಮನಸ್ಸು ಬಿಚ್ಚಿ ಮಾತಾಡುವುದು ಹೇಗೆ ಎಂಬ ಬಗ್ಗೆ ನಾನು ಅವನಿಗೆ ಅರ್ಧ ಗಂಟೆ ಪಾಠ ಮಾಡಿದೆ. ಪಾಪ, ಕೈಕಟ್ಟಿಕೊಂಡು ಕೇಳಿಸಿಕೊಂಡ, ಥ್ಯಾಂಕ್ಸ್ ಬೇರೆ ಹೇಳಿದ. ಆ ವರ್ಷ ರಾಖಿ ಹುಣ್ಣಿಮೆಯ ದಿನ ಅವನು ಖಾಲಿ ಕೈಯಲ್ಲಿ ಕೆಲಸ ಮಾಡುತ್ತ ಕೂತಿದ್ದ. ನೋಡಿದೆ. ನನ್ನ ಕುರ್ಚಿಗೆ ಹೋಗಿ ಕೂತೆ.

ಆಮೇಲೆ ನಿಮ್ಮ ತಂಡದಲ್ಲಿ ಯಾರೂ ಬಾಯಿ ಬಿಡಲಿಲ್ಲ. ಹೋದ ಹೋದಲ್ಲೆಲ್ಲ ನಾನು ಗೊಣಗಿದೆ — ಇಲ್ಲಿನ ಜನಕ್ಕೆ ಧೈರ್ಯವೇ ಇಲ್ಲ, ಎಷ್ಟು ಹೇಳಿಕೊಟ್ಟರೂ ಅಷ್ಟೇ, ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗೆ. ಯಾರನ್ನು ಕೋಣ ಎನ್ನುತ್ತಿದ್ದೆ ನಾನು? ಕಣ್ಣೆದುರು ಒಬ್ಬಳಿಗೆ ಆದದ್ದನ್ನು ನೋಡಿಯೂ ಬಾಯಿ ಬಿಡಲು ಅವರೇನು ದಡ್ಡರೇ?

ಈಗ ನಾನು ಹೊಸ ಕೋಚ್‌ಗಳಿಗೆ ತರಬೇತಿ ಕೊಡುತ್ತೇನೆ. ನಂಬಿಕೆಯ ಪಾಠದಲ್ಲಿ ಹೆಸರು ಬದಲಿಸಿ ನಿನ್ನ ಕಥೆಯನ್ನೇ ಹೇಳುತ್ತೇನೆ: ಮೂಕವಾಗಿದ್ದ ತಂಡದಲ್ಲಿ ಒಬ್ಬ ಹೆಣ್ಣುಮಗಳು ಎದ್ದು ನಿಂತು ಸತ್ಯ ಹೇಳಿದಳು, ಉಳಿದವರು ಹೌದೆಂದರು. ಅಲ್ಲಿಗೆ ನಿಲ್ಲಿಸುತ್ತೇನೆ. ಚಪ್ಪಾಳೆ ಬೀಳುತ್ತದೆ. ಇತ್ತೀಚೆಗೆ ಹಿಂದಿನ ಸಾಲಿನ ಒಬ್ಬಾಕೆ ಕೈಯೆತ್ತಿ, ಆಮೇಲೆ ಅವಳಿಗೆ ಏನಾಯಿತು ಮೇಡಂ ಎಂದು ಕೇಳಿದಳು. "ಚೆನ್ನಾಗಿದ್ದಾಳೆ" ಎಂದೆ. ನೀನು ಎಲ್ಲಿದ್ದೀಯ ಎನ್ನುವುದೂ ನನಗೆ ಗೊತ್ತಿರಲಿಲ್ಲ, ಶೈಲಾ. ಆ ತರಗತಿಯ ಉಳಿದ ಪಾಠವನ್ನು ಹೇಗೆ ಮುಗಿಸಿದೆನೋ ನೆನಪಿಲ್ಲ.

ಮೊನ್ನೆ ಕೋಥರೂಡಿನ ಮನೆಗೆ ಹೋಗಿ ನಿಲೇಶನಿಗೆ ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಹಗುರಾಗುತ್ತಿತ್ತು. ಯಾಕೆ ಹಾಗೆ ಮಾಡಿದಿರಿ ಎಂದೂ ಕೇಳಲಿಲ್ಲ. "ಹಾಗಾದರೆ ಇಷ್ಟು ವರ್ಷ ಅವಳು ನನ್ನನ್ನು ಅಂಥವನು ಅಂದುಕೊಂಡಿದ್ದಾಳಾ?" ಎಂದ. ನೀನು ದೂರವಾದೆ ಎಂದಷ್ಟೇ ಅವನಿಗೆ ಗೊತ್ತಿತ್ತು, ಯಾಕೆ ಎನ್ನುವುದು ಗೊತ್ತಿರಲಿಲ್ಲ. ಅದನ್ನೂ ಈಗ ನಾನೇ ತಿಳಿಸಿದ ಹಾಗಾಯಿತು. ಮುಖ ಆ ಕಡೆ ತಿರುಗಿಸಿ ಅತ್ತ. ಬಾಗಿಲವರೆಗೆ ಬಂದು ಬೀಳ್ಕೊಡುವಾಗ, ಅತ್ತೆನೆಂದು ಅವಳಿಗೆ ಹೇಳಬೇಡಿ ಎಂದ. ಇಲ್ಲ ಎಂದು ಮಾತು ಕೊಟ್ಟೆ.

ಹೇಳಿಬಿಟ್ಟೆ ನೋಡು. ಈ ಸಲ ತಿಳಿದೇ ಹೇಳಿದ್ದೇನೆ. ಅವನ ನಂಬರು ಅದೇ ಇದೆ. ಫೋನ್ ಮಾಡು — ನನಗಲ್ಲ, ಅವನಿಗೆ.