ಪೂಜೆಗಿಟ್ಟ ಗೇಮ್ ಡಬ್ಬಿ

ಹೊಸದರಲ್ಲಿ ಅಗಸ ಗೋಣಿಯನ್ನು ಎತ್ತೆತ್ತಿ ಒಗೆದನಂತೆ. ನಮ್ಮಕ್ಕನ ಕೈಗೆ ಆ ಗೇಮ್ ಡಬ್ಬಿ ಬಂದ ದಿನ ನಾನು ಆಡಿದ ಮೊದಲ ಮಾತೇ ಇದು. ಒಂದು ತಿಂಗಳು ಕುಣಿಯುತ್ತಾಳೆ, ಆಮೇಲೆ ಅದು ಅಟ್ಟ ಸೇರುತ್ತದೆ. ಅಲ್ಲಿ ಜ್ಯೂಸ್ ಮಾಡುವ ಯಂತ್ರ, ಕಾಲು ಒತ್ತುವ ಯಂತ್ರ ಎಲ್ಲ ಧೂಳು ತಿನ್ನುತ್ತಾ ಕೂತಿವೆ, ಇದೂ ಒಂದು ಎಂದುಕೊಂಡು ನಿಶ್ಚಿಂತೆಯಿಂದ ಇದ್ದೆ.

ತಂದುಕೊಟ್ಟವಳು ಜೆ.ಪಿ. ನಗರದಲ್ಲಿರುವ ನಮ್ಮ ತಮ್ಮನ ಮಗಳು. ಪ್ರಪಂಚವೆಲ್ಲ ಮುಗಿಬಿದ್ದು ಕೊಂಡ ಕನ್ಸೋಲ್ ಅಂತೆ. ಟಿ.ವಿ.ಗೆ ಸಿಕ್ಕಿಸಿಯೂ ಆಡಬಹುದಂತೆ, ಕೈಯಲ್ಲಿ ಹಿಡಿದುಕೊಂಡೂ ಆಡಬಹುದಂತೆ.

"ಅಷ್ಟು ಚೆನ್ನಾಗಿದ್ರೆ ನೀನ್ಯಾಕೆ ಕೊಟ್ಬಿಡ್ತಿದೀಯ?" ಅಂದೆ.

"ಹೊಸ ಮಾಡೆಲ್ ಬಂತಲ್ಲ ಅತ್ತೆ. ಆದ್ರೂ ಇದು ಸಖತ್ತಾಗಿದೆ, ಬೋರೇ ಆಗಲ್ಲ."

ಬೋರೇ ಆಗದ ವಸ್ತುವನ್ನು ಅವಳೇ ಕೈಬಿಟ್ಟಿದ್ದಾಳೆ. ಈ ಜಾಣತನಕ್ಕೆ ಏನು ಹೇಳೋಣ!

ತ್ಯಾಗರಾಜನಗರದ ಈ ಮನೆಯಲ್ಲಿ ಇರುವುದು ನಾವಿಬ್ಬರೇ. ನಾನು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಟ್ಟು ನಿವೃತ್ತಳಾದವಳು, ಮದುವೆಯ ಗೋಜಿಗೆ ಹೋದವಳಲ್ಲ. ಅಕ್ಕನೋ, ಭಾವ ತೀರಿಕೊಂಡ ಮೇಲೆ ಬನಶಂಕರಿಯ ಮನೆಯನ್ನು ಬಾಡಿಗೆಗೆ ಬಿಟ್ಟು ಇಲ್ಲಿಗೆ ಬಂದವಳು. ಅಂದಿನಿಂದ ಮಧ್ಯಾಹ್ನದ ಊಟ ಆಯಿತೆಂದರೆ ಚೌಕಾಬಾರ. ಮಣೆಯ ಮೇಲೆ ಸೀಮೆಸುಣ್ಣದಲ್ಲಿ ಗೀಚಿದ ಮನೆಗಳು, ಅಮ್ಮನ ಕಾಲದ ನಾಲ್ಕು ಕವಡೆ, ಕಾಯಿಗಳಿಗೆ ಹುಣಸೇಬೀಜ ಮತ್ತು ಬಳೆಚೂರು. ಎದುರಾಳಿಯ ಕಾಯಿ ಕಡಿದು, ನಮ್ಮ ಕಾಯಿಗಳನ್ನೆಲ್ಲ ನಡುಮನೆಗೆ ಮುಟ್ಟಿಸಿ ಹಣ್ಣು ಮಾಡಿದರೆ ಗೆದ್ದಂತೆ. ಕವಡೆಗೆ ಚಾರ್ಜರ್ ಬೇಡ, ಅಪ್‌ಡೇಟ್ ಬೇಡ, ಹೊಸ ಮಾಡೆಲ್ ಬಂದೀತೆಂಬ ಭಯವಿಲ್ಲ. ಅಜ್ಜಿ ಆಡಿದರು, ಅಮ್ಮ ಆಡಿದಳು, ನಾವು ಆಡುತ್ತಿದ್ದೇವೆ. ಆಟದ ಆಯಸ್ಸು ಅಂದರೆ ಅದು.

ಹೆಚ್ಚಾಗಿ ಗೆಲ್ಲುತ್ತಿದ್ದವಳು ನಾನೇ. ಗಣಿತದ ತಲೆಯಲ್ಲವೇ! ಎಲ್ಲೋ ಅಪರೂಪಕ್ಕೆ ಅಕ್ಕ ಗೆದ್ದ ದಿನ ನನಗೆ ಸ್ವಲ್ಪ ತಲೆನೋವು ಬಂದು ಒಳಗೆ ಹೋಗಿ ಮಲಗುತ್ತಿದ್ದುದು ಉಂಟು. ವಯಸ್ಸಾದ ಮೇಲೆ ತಲೆನೋವು ಯಾರಿಗೆ ಬರುವುದಿಲ್ಲ?

ಇಂಥ ಮನೆಗೆ ಆ ಡಬ್ಬಿ ಬಂತು. ಅಕ್ಕ ಹಿಡಿದದ್ದು ಕಾರಿನ ರೇಸು. ಜನ್ಮದಲ್ಲಿ ಸೈಕಲ್ ತುಳಿದವಳಲ್ಲ, ಸಾರಕ್ಕಿ ಸಿಗ್ನಲ್ ದಾಟಲು ನನ್ನ ಸೆರಗು ಹಿಡಿಯುವವಳು, ಟಿ.ವಿ.ಯ ಮುಂದೆ ಕೂತು ಕಾರು ಓಡಿಸಿದ್ದೇ ಓಡಿಸಿದ್ದು. ಕಾರು ಎಡಕ್ಕೆ ತಿರುಗಿದರೆ ಇವಳೂ ಎಡಕ್ಕೆ ವಾಲುವುದು, ಹಿಂದಿನವನು ಗುದ್ದಿದರೆ "ಅಯ್ಯೋ ನಿನ್ ಮನೆ ಹಾಳಾಗ!" ಎಂದು ಶಾಪ ಹಾಕುವುದು. ಗೆದ್ದರೆ ಡಬ್ಬಿ ತಮಟೆ ಬಾರಿಸಿ ಕಾಗದದ ಚೂರು ಹಾರಿಸುತ್ತದೆ. ಮೂರನೆಯವಳಾಗಿ ಬಂದರೂ ಶಹಭಾಸ್‌ಗಿರಿ! ನಾನು ನೂರಕ್ಕೆ ಒಂದು ಅಂಕ ಕಡಿಮೆ ಬಂದವರನ್ನೂ ಹೊಗಳಿದವಳಲ್ಲ.

ತಿಂಗಳು ಕಳೆಯಿತು, ಡಬ್ಬಿ ಅಟ್ಟ ಹತ್ತಲಿಲ್ಲ. ಮಾವಿನಹಣ್ಣಿನ ಕಾಲ ಮುಗಿಯಿತು, ಗಣೇಶನನ್ನೂ ನೀರಿಗೆ ಬಿಟ್ಟಾಯಿತು. ನಾನು ದಿನವೂ ಮಣೆ ಹಾಕಿ ಕೂರುತ್ತಿದ್ದೆ. "ಇದೊಂದು ರೇಸ್ ಮುಗಿಸಿ ಬಂದೆ ಕಣೇ" ಅನ್ನುವಳು. ಬರುತ್ತಿರಲಿಲ್ಲ. ಒಬ್ಬಳೇ ಎರಡೂ ಕಡೆಯ ಕಾಯಿ ನಡೆಸಿ ನೋಡಿದೆ. ಅಳು ಬರುವಷ್ಟು ಸಿಟ್ಟು ಬಂತು. ನನಗೆ ಇದ್ದದ್ದು ಆ ಒಂದು ಮಧ್ಯಾಹ್ನ, ಅದನ್ನೂ ಒಂದು ಪ್ಲಾಸ್ಟಿಕ್ ಡಬ್ಬಿ ನುಂಗಿ ಹಾಕಿತಲ್ಲ!

ನವರಾತ್ರಿ ಬಂತು. ನಮ್ಮಲ್ಲಿ ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ಯಾರೂ ಮುಟ್ಟುವ ಹಾಗಿಲ್ಲ. ಚಿಕ್ಕಂದಿನಲ್ಲಿ ಹೋಮ್‌ವರ್ಕ್ ತಪ್ಪಿಸಿಕೊಳ್ಳಲು ಲೆಕ್ಕದ ಪುಸ್ತಕವನ್ನೇ ಮೊದಲು ಇಡುತ್ತಿದ್ದವಳು ಅಕ್ಕ. ಮಡಿ ಆಚಾರದಲ್ಲಿ ನನಗಿಂತ ಒಂದು ಕೈ ಮೇಲು. ಪೂಜೆಯ ಬೆಳಿಗ್ಗೆ ಅವಳು ಸ್ನಾನಕ್ಕೆ ಹೋದಾಗ ನಾನು ಗೇಮ್ ಡಬ್ಬಿಯನ್ನು ಪುಸ್ತಕಗಳ ಮೇಲೆ ಇಟ್ಟು, ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಏರಿಸಿ, ಅಕ್ಷತೆ ಹಾಕಿಬಿಟ್ಟೆ.

"ಇದ್ಯಾಕೆ ಇಲ್ಲಿ?" ಅಂದಳು ಅಕ್ಕ.

"ಅದೂ ಒಂದು ವಿದ್ಯೆ ತಾನೇ ಅಕ್ಕ? ಇಷ್ಟು ಕಷ್ಟಪಟ್ಟು ಕಲಿತಿದೀಯ."

ನನ್ನನ್ನೇ ನೋಡಿದಳು. ಒಳಗೆ ಹೋಗಿ ಚೌಕಾಬಾರದ ಮಣೆ, ಕವಡೆಯ ಚೀಲ ತಂದು ಡಬ್ಬಿಯ ಪಕ್ಕದಲ್ಲಿ ಇಟ್ಟಳು. ಅದಕ್ಕೂ ಕುಂಕುಮ ಹಚ್ಚಿದಳು. "ಇದು ಅದಕ್ಕಿಂತ ಹಳೇ ವಿದ್ಯೆ ಕಣೇ. ಬಿಟ್ರೆ ತಾಯಿ ಬೇಜಾರ್ ಮಾಡ್ಕೊಳಲ್ವಾ?"

ನಾನು ಚಾಪೆಯ ಕೆಳಗೆ ತೂರಿದರೆ ಅವಳು ರಂಗೋಲಿಯ ಕೆಳಗೆ ತೂರಿದಳು. ಆಮೇಲೆ ನೋಡಿ ನಮ್ಮ ಫಜೀತಿ! ಡಬ್ಬಿಯೂ ಇಲ್ಲ, ಕವಡೆಯೂ ಇಲ್ಲ. ವಿಜಯದಶಮಿಯವರೆಗೆ ಮಧ್ಯಾಹ್ನವೆಲ್ಲ ಉಸಲಿಗೆ ಕಡಲೆಕಾಳು ಆರಿಸುತ್ತಾ ಎದುರು ಬದುರು ಕೂತೆವು.

ವಿಜಯದಶಮಿಯ ದಿನ ಮಂಗಳಾರತಿ ಆಯಿತು. ಪುಸ್ತಕ ತೆಗೆದು ಶಾಸ್ತ್ರಕ್ಕೆ ನಾಲ್ಕು ಸಾಲು ಓದಿದೆವು. ನನ್ನ ಕಣ್ಣೆಲ್ಲ ಅಕ್ಕನ ಕೈಯ ಮೇಲೆ. ಅವಳು ಮೊದಲು ಎತ್ತಿಕೊಂಡದ್ದು ಆ ಡಬ್ಬಿಯನ್ನೇ.

"ಏನಿದೆಯೇ ಅಕ್ಕ ಅದರಲ್ಲಿ, ಅಂಥಾದ್ದು?" ಎಂದು ಕೇಳಿಯೇಬಿಟ್ಟೆ.

ಅಕ್ಕ ಸೆರಗಿನಿಂದ ಡಬ್ಬಿಯ ಕುಂಕುಮ ಒರೆಸುತ್ತಾ ಹೇಳಿದಳು: "ಇದರ ಜೊತೆ ನಾನು ಗೆದ್ರೆ ಇದಕ್ಕೆ ತಲೆನೋವು ಬರಲ್ಲ ಕಣೇ."

ಡಬ್ಬಿಯನ್ನು ಮಡಿಲಲ್ಲಿ ಇಟ್ಟುಕೊಂಡು ಅವಳೇ ಮುಂದುವರಿಸಿದಳು:

"ಬೇಕೂಂತ ಸೋತೂ ಸೋತೂ ಸಾಕಾಯ್ತು ನಂಗೆ. ಕಡಿಯೋ ಕಾಯಿ ಎದುರಿಗೇ ಇರುತ್ತೆ, ನೋಡದೇ ಇರೋ ಹಾಗೆ ನಾಟಕ ಆಡ್ಬೇಕು. ನೀನು ಮೂತಿ ಊದಿಸ್ಕೊಂಡು ಹೋಗಿ ಮಲಗಿದ್ರೆ ಸಂಜೆ ಕಾಫಿಗೆ ಯಾರೇ ದಿಕ್ಕು?"

ಇಷ್ಟು ವರ್ಷ ನನ್ನ ಗಣಿತದ ತಲೆ! ಥೂ, ನನ್ನ ಜನ್ಮಕ್ಕಿಷ್ಟು.

"ಬಾ ಹಾಗಾದ್ರೆ" ಎಂದು ಮಣೆ ಎಳೆದೆ. "ಇವತ್ತು ನಾಟಕ ಆಡಿದ್ರೆ ಅಮ್ಮನ ಮೇಲಾಣೆ."

ಅಕ್ಕ ಆಡಿದಳು. ಕವಡೆ ಕುಲುಕಿ ಬಿಟ್ಟರೆ ನಾಲ್ಕರ ಚೌಕ, ಮತ್ತೆ ಬಿಟ್ಟರೆ ಎಂಟರ ಬಾರ. ನಾನು ಮನೆಯಿಂದ ಹೊರಬಿಟ್ಟ ಕಾಯಿಯನ್ನೆಲ್ಲ ಕಡಿದು ಕಡಿದು ಹಿಂದಕ್ಕೆ ಕಳಿಸಿದಳು. ಅವಳ ಬಳೆಚೂರುಗಳೆಲ್ಲ ಹಣ್ಣಾದಾಗ ನನ್ನ ಒಂದೇ ಒಂದು ಹುಣಸೇಬೀಜವೂ ಒಳಸುತ್ತಿಗೆ ಬಂದಿರಲಿಲ್ಲ. ಎರಡನೆಯ ಆಟವೂ ಅದೇ ಗತಿ.

ನಾನು ಮೂತಿ ಊದಿಸಲಿಲ್ಲ. ತಲೆನೋವು ಅನ್ನಲಿಲ್ಲ. ಎದ್ದು ಹೋಗಿ ಕಾಫಿ ಬೆರೆಸಿ ತಂದು ಅವಳ ಮುಂದೆ ಕುಕ್ಕಿದೆ. ಸಕ್ಕರೆ ಹಾಕಿರಲಿಲ್ಲ, ಅಷ್ಟೇ.

ಅಕ್ಕ ಒಂದು ಗುಟುಕು ಕುಡಿದಳು. ನನ್ನ ಮುಖ ನೋಡಿದಳು. ಅವಳ ಕೈ ಮೆಲ್ಲಗೆ ಗೇಮ್ ಡಬ್ಬಿಯ ಕಡೆಗೆ ಹೋಯಿತು.

"ಇರು, ಇರು, ಸಕ್ಕರೆ ತರ್ತೀನಿ" ಅಂದೆ.